ಒರಳಿಗೆ ಬಿದ್ದ ಪರಂಗಿಕಾಯಿ

ಅರಸೀಕೆರೆ ಸೀಮೆಯ ತೆಂಗಿನ ತೋಟದ ಬದುವಿನಲ್ಲಿ, ಬಚ್ಚಲು ನೀರು ಹರಿಯುವ ಹಿತ್ತಿಲಿನಲ್ಲಿ ಯಾರೂ ನೆಡದೆಯೇ ಏಳುವ ಗಿಡ ಪರಂಗಿ. ಹಕ್ಕಿ ಉದುರಿಸಿದ ಬೀಜ ಸಾಕು, ವರ್ಷ ತುಂಬುವ ಹೊತ್ತಿಗೆ ಕಾಯಿ ಜೋತುಬೀಳುತ್ತದೆ. ಹಣ್ಣಾದರೆ ಮಕ್ಕಳ ಪಾಲು. ಕಾಯಿಯಾಗಿದ್ದಾಗಲೇ ಕಿತ್ತರೆ ಪಲ್ಯಕ್ಕೋ ಹುಳಿಗೋ ಆಗುತ್ತದೆ, ಅದೂ ಬೇರೆ ತರಕಾರಿ ಕೈಗೆ ಸಿಗದ ದಿನ. ಇದೇ ಕಾಯಿಯನ್ನು ಲಾವೋಸ್ ಮತ್ತು ಥಾಯ್ಲೆಂಡಿನ ಜನ ತಮ್ಮ ನಿತ್ಯದ ಊಟದ ಜೀವಾಳ ಮಾಡಿಕೊಂಡಿದ್ದಾರೆ. ಲಾವೋ ಮಂದಿ ಅದನ್ನು ‘ತಾಮ್ ಮಾಕ್ ಹೂಂಗ್’ ಎಂದರೆ, ಥಾಯ್ ಮಂದಿಗೆ ಅದು ‘ಸೋಮ್ ತಾಮ್’. ಹುಳಿ, ಖಾರ, ಉಪ್ಪು, ಸಿಹಿ ನಾಲ್ಕೂ ಸೇರಿದ, ಒರಳಿನಲ್ಲಿ ಕುಟ್ಟಿ ಮಾಡುವ ಹಸಿ ತಿನಿಸು. ಬೆಂಗಳೂರಿನ ಥಾಯ್ ಹೋಟೆಲುಗಳಿಗೆ ಅದು ಬಂದು ಬಹುಕಾಲವಾಯಿತು. ಆದರೆ ಅದಕ್ಕೆ ಬೇಕಾದ ಸಾಮಾನು ಬೆಳೆಯುವ ಅರಸೀಕೆರೆ, ಬೇಲೂರು, ಹಳೇಬೀಡಿನ ಅಡುಗೆಮನೆಗಳಿಗೆ ಇನ್ನೂ ಬಂದಿಲ್ಲ. ಬರಬೇಕು ಎಂಬ ಆಸೆಯಿಂದಲೇ ಈ ಪರಿಚಯ.

ನಮ್ಮಲ್ಲೂ ಪರಂಗಿಕಾಯಿ ಕೋಸಂಬರಿ ಮಾಡುವ ಮನೆಗಳುಂಟು. ನೆನೆಸಿದ ಹೆಸರುಬೇಳೆ, ತುರಿದ ಕಾಯಿ, ತೆಂಗಿನತುರಿ, ಹಸಿಮೆಣಸಿನಕಾಯಿ, ಕೊತ್ತಂಬರಿ, ಮೇಲೊಂದು ಸಾಸಿವೆ ಇಂಗಿನ ಒಗ್ಗರಣೆ, ಕೊನೆಗೆ ನಿಂಬೆರಸ. ರಾಮನವಮಿಯ ಪಾನಕದ ಪಕ್ಕದಲ್ಲಿ ಅದರ ಸೊಗಸೇ ಬೇರೆ. ಆದರೆ ಕೋಸಂಬರಿಯನ್ನು ನಾವು ಕಲಸುತ್ತೇವೆ, ಕುಟ್ಟುವುದಿಲ್ಲ. ಉಪ್ಪು ಬಿದ್ದರೆ ನೀರು ಬಿಡುತ್ತದೆಂದು ಬಡಿಸುವ ಹೊತ್ತಿಗೇ ಉಪ್ಪು ಹಾಕುತ್ತೇವೆ. ಲಾವೋ ಅಡುಗೆಯವರ ದಾರಿ ಇದಕ್ಕೆ ಪೂರ್ತಿ ತಿರುಗುಮುರುಗು: ಅವರು ಕಾಯಿಯನ್ನು ಹದವಾಗಿ ಜಜ್ಜಿ, ಅದರ ನೀರನ್ನು ಹೊರಗೆ ಕರೆದು, ಒರಳಿನ ರಸವನ್ನು ಎಳೆಗಳ ಒಳಕ್ಕೆ ಕಳಿಸುತ್ತಾರೆ. ರುಚಿಯೆಲ್ಲ ಈ ಕೊಡುಕೊಳ್ಳುವಿಕೆಯಲ್ಲಿದೆ.

ಇದರ ತವರು ಮೆಕಾಂಗ್ ನದಿಯ ಎರಡೂ ದಡ. 1893ರಲ್ಲಿ ಫ್ರೆಂಚರಿಗೂ ಸಯಾಮಿಗೂ (ಥಾಯ್ಲೆಂಡಿನ ಹಳೆಯ ಹೆಸರು) ಆದ ಒಪ್ಪಂದದಿಂದ ಆ ನದಿಯೇ ಗಡಿಯಾಯಿತು. ಲಾವೋ ಮಾತಾಡುವವರಲ್ಲಿ ಒಂದಷ್ಟು ಜನ ಲಾವೋಸಿನಲ್ಲಿ ಉಳಿದರು, ಅವರಿಗಿಂತ ಹೆಚ್ಚು ಜನ ಈಗಿನ ಥಾಯ್ಲೆಂಡಿನ ಈಶಾನ್ಯ ಭಾಗವಾದ ಇಸಾನ್‌ನಲ್ಲಿ ಉಳಿದರು. ಕಾಸರಗೋಡಿನ ಕನ್ನಡಿಗರ ನೆನಪಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮುಂದೆ ಇಸಾನ್‌ನಿಂದ ಕೂಲಿ ಅರಸಿ ಬ್ಯಾಂಕಾಕಿಗೆ ಹೋದವರು ತಮ್ಮ ಒರಳನ್ನೂ ಕೊಂಡೊಯ್ದರು, ರಾಜಧಾನಿಯ ನಾಲಗೆಗೆ ತಕ್ಕಂತೆ ರುಚಿ ತಿರುಗಿತು. ಥಾಯ್ ಬಗೆಯಲ್ಲಿ ತಾಳೆಬೆಲ್ಲ, ಹುರಿದ ಕಡಲೆಕಾಯಿ ಬೀಜ, ಒಣ ಸೀಗಡಿ, ನಿಂಬೆ, ಕಡಲ ಮೀನಿನಿಂದ ಇಳಿಸಿದ ತಿಳಿ ರಸ, ಸಿಹಿ ಮುಂದು. ಲಾವೋ ಬಗೆಯಲ್ಲಿ ಸಿಹಿ ಕಡಿಮೆ ಅಥವಾ ಇಲ್ಲವೇ ಇಲ್ಲ, ಕಡಲೆಕಾಯಿ ಬೀಜವೂ ಸಾಮಾನ್ಯವಾಗಿ ಇರದು. ಲಾವೋಸಿಗೆ ಕಡಲಿಲ್ಲ. ಹೊಳೆ ಮೀನನ್ನು ಉಪ್ಪು, ಅಕ್ಕಿ ತೌಡಿನ ಜೊತೆ ತಿಂಗಳುಗಟ್ಟಲೆ ಹುಳಿಯಿಸಿದ ‘ಪಾಡೇಕ್’ ಎಂಬ ಮಂದ ರಸವೇ ಅಲ್ಲಿ ಉಪ್ಪಿನ ಸ್ಥಾನದಲ್ಲಿದೆ. ಅದರ ವಾಸನೆ ಗಾಢ. ಗದ್ದೆಯ ಸಣ್ಣ ಏಡಿಯನ್ನೂ ಉಪ್ಪಿನಲ್ಲಿ ಹಾಕಿಟ್ಟು ಇದರೊಡನೆ ಜಜ್ಜುತ್ತಾರೆ.

ಬೇಲೂರಿನ ಮಲೆನಾಡ ಅಂಚಿನವರಿಗೆ ಗದ್ದೆಯ ಏಡಿ ಹೊಸತೇನಲ್ಲ, ಮಳೆಗಾಲದ ಏಡಿ ಸಾರು ಮನೆಮನೆಯದು. ಇನ್ನೊಂದು ನಂಟು ನನಗೆ ಬಲು ಪ್ರಿಯವಾದದ್ದು. ಲಾವೋ, ಇಸಾನ್‌ನವರು ಒರಳಿಗೆ ಕೊಯ್ದು ಹಾಕುವ ಹುಳಿಕಾಯಿ ‘ಮಾಕಾಕ್’ ನಮ್ಮ ಅಮಟೆಕಾಯಿಯೇ. ಅವರ ಉದ್ದ ಹುರುಳಿಕಾಯಿ ನಮ್ಮ ಅಲಸಂದೆಯ ಜಾತಿಯದೇ. ಹೆಸರುಗಳನ್ನು ಪಕ್ಕಕ್ಕಿಟ್ಟರೆ ಹಾಸನ ಜಿಲ್ಲೆಯ ಒಂದು ಸಂತೆಯಲ್ಲಿ ಚೀಲ ತುಂಬಿಸಿಕೊಂಡು ಬರಬಹುದಾದ ಅಡುಗೆ ಇದು.

ಆದರೂ ಇದರ ಮುಖ್ಯ ಸಾಮಾನು ಅಲ್ಲಿಗೂ ಇಲ್ಲಿಗೂ ಅಂಥ ಪುರಾತನವಾದುದಲ್ಲ. ಪರಂಗಿ, ಮೆಣಸಿನಕಾಯಿ, ಟೊಮೆಟೊ, ಕಡಲೆಕಾಯಿ ನಾಲ್ಕೂ ಅಮೆರಿಕ ಖಂಡದ ಬೆಳೆಗಳು, ಏಷ್ಯಾಕ್ಕೆ ಬಂದದ್ದು 16ನೇ ಶತಮಾನದಿಂದ ಈಚೆಗೆ, ಪೋರ್ಚುಗೀಸರ ಮತ್ತು ಸ್ಪೇನಿನವರ ಹಡಗುಗಳಲ್ಲಿ. 1117ರಲ್ಲಿ ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆಯಾದಾಗ, ಅದರ ಬೆನ್ನಿಗೆ ಹಳೇಬೀಡಿನ ಹೊಯ್ಸಳೇಶ್ವರ ಎದ್ದಾಗ, 1220ರ ಸುಮಾರಿಗೆ ಅರಸೀಕೆರೆಯ ಶಿವಾಲಯ ಕಟ್ಟಿದಾಗ ಆ ಶಿಲ್ಪಿಗಳ ಊಟದ ಖಾರವೆಲ್ಲ ಕರಿಮೆಣಸು, ಶುಂಠಿಯದು. ಹೊರಗಿನಿಂದ ಬಂದ ಗಿಡವನ್ನು ಎರಡೂ ನಾಡು ತಮ್ಮದಾಗಿಸಿಕೊಂಡವು, ಬೇರೆ ಬೇರೆ ದಾರಿಯಲ್ಲಿ. ಇಲ್ಲಿ ಅದು ಒಗ್ಗರಣೆ ಬಾಣಲೆಗೆ ಬಿತ್ತು. ಅಯ್ಯಂಗಾರ್ ಬೇಕರಿಗಳ ಬನ್ನಿನಲ್ಲಿ ಕೆಂಪು ಹಸಿರಾಗಿ ಮಿನುಗುವ ಟೂಟಿ ಫ್ರೂಟಿಯೂ ಪಾಕದಲ್ಲಿ ಅದ್ದಿದ ಪರಂಗಿಕಾಯಿಯೇ, ಆ ಬೇಕರಿಗಳನ್ನು ಬೆಳೆಸಿದ ಅನೇಕ ಕುಟುಂಬಗಳು ಹೊರಟದ್ದೂ ಹಾಸನದ ಹಳ್ಳಿಗಳಿಂದಲೇ. ಲಾವೋ ನಾಡಿನಲ್ಲಿ ಕಾಯಿ ಒರಳಿಗೆ ಬಿತ್ತು.

ಇನ್ನು ಮಾಡುವ ಕ್ರಮ. ಕಾಯಿ ಕಲ್ಲಿನಷ್ಟು ಗಟ್ಟಿ ಇರಬೇಕು, ಹೆಚ್ಚಿದಾಗ ಒಳಗಿನ ಬೀಜ ಬಿಳಿಯಾಗಿ ಕಾಣಬೇಕು. ತಿರುಳು ಹಳದಿಗೆ ತಿರುಗಿದ್ದರೆ ಅದು ಪಲ್ಯಕ್ಕೆ ಸರಿ, ಇದಕ್ಕಲ್ಲ. ಸಿಪ್ಪೆ ತೆಗೆದು ಸೊನೆ ಹೋಗುವಂತೆ ತೊಳೆಯಿರಿ. ಅಲ್ಲಿನ ಹೆಂಗಸರು ಕಾಯನ್ನು ಎಡಗೈಯಲ್ಲಿ ಹಿಡಿದು, ಚೂಪಾದ ಕತ್ತಿಯಿಂದ ಉದ್ದಕ್ಕೆ ಒತ್ತೊತ್ತಾಗಿ ಕಚ್ಚು ಹಾಕಿ, ಆಮೇಲೆ ತೆಳುವಾಗಿ ಹೆರೆದು ಎಳೆ ಉದುರಿಸುತ್ತಾರೆ. ದಪ್ಪ ಸಣ್ಣ ಬೆರೆತ ಆ ಎಳೆಗಳಿಗೆ ಕಟಕಟ ಎನ್ನುವ ಗುಣ ಬರುತ್ತದೆ. ತುರಿಮಣೆಯಲ್ಲಿ ಉಜ್ಜಿದರೆ ಕಾಯಿ ಹಿಟ್ಟಾಗುತ್ತದೆ. ದಪ್ಪ ಕಣ್ಣಿನ ತುರಿಮಣೆಯಾದರೆ ನಡೆದೀತು. ಎಳೆಗಳನ್ನು ಹತ್ತು ನಿಮಿಷ ತಣ್ಣೀರಿನಲ್ಲಿಟ್ಟು, ನೀರು ಪೂರ್ತಿ ಬಸಿದುಕೊಳ್ಳಿ.

ಎರಡು ಬಟ್ಟಲು ಎಳೆಗೆ ಎರಡು ಮೂರು ಎಸಳು ಬೆಳ್ಳುಳ್ಳಿ, ಮೂರು ನಾಲ್ಕು ಸೂಜಿಮೆಣಸು. ಮೊದಲು ಇವೆರಡನ್ನು ಒಡೆಯಿರಿ. ಥಾಯ್ ಬಗೆಯಾದರೆ ಒಂದು ಚಮಚ ಬೆಲ್ಲ, ಹುರಿದ ಕಡಲೆಕಾಯಿ ಬೀಜ ಸೇರಿಸಿ. ನಂತರ ಮುರಿದ ಅಲಸಂದೆಕಾಯಿ, ಅದು ಸೀಳುವಷ್ಟು ಪೆಟ್ಟು ಸಾಕು. ಟೊಮೆಟೊ, ನಿಂಬೆರಸ ಅಥವಾ ಅಮಟೆಕಾಯಿ, ಉಪ್ಪಿಗೆ ಮೀನಿನ ತಿಳಿ ರಸ ಅಥವಾ ಪಾಡೇಕ್. ಪರಂಗಿ ಎಳೆ ಕೊನೆಗೆ. ಬಲಗೈಯ ಒನಕೆ ಮೆಲ್ಲನೆ ಇಳಿಯುತ್ತಿರಬೇಕು, ಎಡಗೈಯ ಚಮಚ ಪ್ರತಿ ಪೆಟ್ಟಿಗೂ ತಳದ್ದನ್ನು ಮೇಲಕ್ಕೆ ಎತ್ತುತ್ತಿರಬೇಕು. ಎಳೆ ಬಾಗಿದರೂ ಮುರಿಯದಿದ್ದಾಗ ನಿಲ್ಲಿಸಿ.

ಒರಳಿನ ವಿಷಯದಲ್ಲಿ ಜಾಣತನ ಬೇಕು. ಅವರದು ಆಳವಾದ ಮಣ್ಣಿನ ಅಥವಾ ಮರದ ಒರಳು, ಮರದ ಒನಕೆ. ನಮ್ಮ ಕರಿಕಲ್ಲಿನ ಕುಟ್ಟಾಣಿ ಮಸಾಲೆಗೆ ಸರಿ, ಪರಂಗಿಯನ್ನು ಅದು ಚಟ್ನಿ ಮಾಡಿಬಿಡುತ್ತದೆ. ಹಾಗೆಂದು ಬಳಪದ ಕಲ್ಲಿನ ಮರಿಗೆಗೆ ಹಾಕಿ ಕುಟ್ಟಬೇಡಿ. ಹೊಯ್ಸಳ ಶಿಲ್ಪಿಗಳು ಆ ಕಲ್ಲನ್ನು ಆರಿಸಿಕೊಂಡದ್ದೇ ಉಳಿಗೆ ಬೆಣ್ಣೆಯಂತೆ ಒಲಿಯುವ ಅದರ ಮೆದುತನಕ್ಕೆ, ಪೆಟ್ಟು ತಾಳುವ ಕಲ್ಲು ಅದಲ್ಲ. ಮಸಾಲೆಯನ್ನು ಕುಟ್ಟಾಣಿಯಲ್ಲಿ ಒಡೆದು, ಎಳೆಗಳನ್ನು ದಪ್ಪ ಮರದ ಬೋಗುಣಿಯಲ್ಲಿ ಮರದ ಗುಂಡಿನಿಂದ ಜಜ್ಜಿದರೆ ಹದ ಸಿಗುತ್ತದೆ.

ಮೀನು ತಿನ್ನದ ಮನೆಗಳಲ್ಲಿ ಬರೀ ಉಪ್ಪು ಹಾಕಿದರೆ ರುಚಿ ಒಂಟಿಯಾಗುತ್ತದೆ. ಉಪ್ಪುನೀರಿನಲ್ಲಿ ಹಾಕಿಟ್ಟ ಮಾವಿನಮಿಡಿ ಅಥವಾ ಅಮಟೆಕಾಯಿಯ ಭರಣಿಯಿಂದ ಎರಡು ಚಮಚ ನೀರು ತೆಗೆದು ಹಾಕಿ. ತಿಂಗಳುಗಟ್ಟಲೆ ಮಾಗಿದ ಆ ಹುಳಿಯುಪ್ಪು ಪಾಡೇಕ್‌ನ ಜಾಗವನ್ನು ತನ್ನದೇ ರೀತಿಯಲ್ಲಿ ತುಂಬುತ್ತದೆ. ಸೋಯಾ ರಸಕ್ಕಿಂತ ನನಗೆ ಇದೇ ಮೇಲು. ಏಡಿ ಹಾಕುವವರು ಬೇಯಿಸಿಯೇ ಹಾಕಬೇಕು: ಹಸಿ ಏಡಿಯಿಂದ ಶ್ವಾಸಕೋಶಕ್ಕೂ ಹಸಿ ಹೊಳೆಮೀನಿನಿಂದ ಪಿತ್ತಜನಕಾಂಗಕ್ಕೂ ಹುಳು ತಗುಲುವುದು ಮೆಕಾಂಗ್ ಸೀಮೆಯ ಹಳೆಯ ಪಿಡುಗು. ಪರಂಗಿಯ ಸೊನೆ ಗರ್ಭಕೋಶವನ್ನು ಕೆರಳಿಸಬಹುದಾದ್ದರಿಂದ ಬಸುರಿಯರಿಗೆ ಇದು ಬೇಡ. ನಮ್ಮ ಹಿರಿಯರು ಹೇಳುತ್ತಿದ್ದದ್ದನ್ನು ವೈದ್ಯರೂ ಹೇಳುತ್ತಾರೆ.

ಕುಟ್ಟಿದ ಕೂಡಲೇ ತಿನ್ನಬೇಕು, ಅರ್ಧ ಗಂಟೆ ಕಳೆದರೆ ಎಳೆ ಜೋಲುತ್ತದೆ. ಅಲ್ಲಿ ಇದರ ಜೊತೆಗೆ ಆವಿಯಲ್ಲಿ ಬೆಂದ ಅಂಟಕ್ಕಿಯ ಅನ್ನ. ಅದನ್ನು ಬೆರಳಲ್ಲಿ ಉಂಡೆ ಮಾಡಿ ರಸಕ್ಕೆ ಅದ್ದುತ್ತಾರೆ. ಬೇಲೂರಿನ ಕಡೆ ಅಂಟಕ್ಕಿ ಹುಡುಕಿ ಅಲೆಯಬೇಕಿಲ್ಲ, ಬಿಸಿ ಅಕ್ಕಿಕಡುಬು ಆ ಖಾರದ ರಸವನ್ನು ಚೆನ್ನಾಗಿಯೇ ಹೀರುತ್ತದೆ.