ಮೊದಲು ನಮಸ್ಕಾರ, ಆಮೇಲೆ ಮಾತು



ಹಿಂದೆ ಜಗಲಿಯ ಮೇಲೆ ಕುಳಿತ ಹಿರಿಯರು ಬೀದಿಯಲ್ಲಿ ಹೋಗುವವರನ್ನೆಲ್ಲ ಮಾತನಾಡಿಸುತ್ತಿದ್ದರು. ಇಂದು ನಮ್ಮ ಮಕ್ಕಳು ಮೊಬೈಲ್ ಹಿಡಿದು, ಕಡಲಾಚೆಯ ಊರಿನವರೊಡನೆ ಹರಟುತ್ತಾರೆ. ಜಗಲಿ ದೊಡ್ಡದಾಗಿದೆ, ಸಂತೋಷ. ಆದರೆ ಆಚೆ ಬದಿಯಲ್ಲಿರುವವರು ಯಾರು? ಅವರ ಊರು ಎಂಥದು? ಅವರಿಗೆ ಯಾವುದು ಮರ್ಯಾದೆ, ಯಾವುದು ಅವಮರ್ಯಾದೆ? ಇದನ್ನು ತಿಳಿಯದೆ ಆಡಿದ ಮಾತು ಸ್ನೇಹವನ್ನು ಬೆಳೆಸುವುದಿಲ್ಲ. ಇದನ್ನು ವಿವರಿಸಲು ನಾವು ಇಲ್ಲಿ ನೈಜೀರಿಯಾ ದೇಶದ ಒಂದು ಹಳೆಯ ಊರನ್ನು ಆರಿಸಿಕೊಂಡಿದ್ದೇವೆ. ಅದು ಯೊರುಬಾ ಜನರ ಅಬೆಯೋಕುಟ.

ಈ ದೇಶವನ್ನೇ ಆರಿಸಲು ಕಾರಣವಿದೆ. ನೈಜೀರಿಯಾ ಎಂದೊಡನೆ ನಮ್ಮಲ್ಲಿ ಅನೇಕರ ಬಾಯಿಗೆ ಮೊದಲು ಬರುವ ಮಾತು ‘ಮೋಸ’. ಓದಲೆಂದೋ ಚಿಕಿತ್ಸೆಗೆಂದೋ ಬೆಂಗಳೂರಿಗೆ ಬರುವ ನೈಜೀರಿಯದವರನ್ನೂ ನಾವು ಇದೇ ಕಣ್ಣಿನಿಂದ ನೋಡುವುದುಂಟು. ಈ ಸಂಶಯದಲ್ಲಿ ನಿಜವೆಷ್ಟು, ಅನ್ಯಾಯವೆಷ್ಟು ಎಂಬುದನ್ನೂ ನಾವು ವಿಚಾರಿಸಬೇಕಾಗಿದೆ.

ಬಂಡೆಯ ಕೆಳಗಿನ ಊರು

ಲಾಗೋಸ್ ನಗರದ ಉತ್ತರಕ್ಕೆ, ಒಗುನ್ ನದಿಯ ದಡದಲ್ಲಿ ಅಬೆಯೋಕುಟ ಇದೆ. ಯೊರುಬಾ ಭಾಷೆಯಲ್ಲಿ ಈ ಹೆಸರಿಗೆ ‘ಬಂಡೆಯ ಕೆಳಗೆ’ ಎಂದರ್ಥ. ಯುದ್ಧಗಳಲ್ಲಿ ತಮ್ಮ ಊರುಗಳನ್ನು ಕಳೆದುಕೊಂಡ ಎಗ್ಬಾ ಜನರು 1830ರ ಸುಮಾರಿಗೆ ಸೊಡೆಕೆ ಎಂಬ ನಾಯಕನೊಡನೆ ಇಲ್ಲಿಗೆ ಬಂದು, ಒಲುಮೊ ಎಂಬ ದೊಡ್ಡ ಬಂಡೆಯ ಆಶ್ರಯದಲ್ಲಿ ನೆಲೆ ನಿಂತರು.

ಅಕ್ಷರಕ್ಕೂ ಈ ಊರಿಗೂ ಹಳೆಯ ನಂಟಿದೆ. ಆಂಗ್ಲಿಕನ್ ಮಿಷನರಿಗಳು 1859ರಲ್ಲಿ ಇಲ್ಲಿಂದ ‘ಇವೆ ಇರೋಹಿನ್’ ಎಂಬ ಯೊರುಬಾ ಪತ್ರಿಕೆಯನ್ನು ಹೊರಡಿಸಿದರು. ನೈಜೀರಿಯದ ಮೊದಲ ಸುದ್ದಿಪತ್ರಿಕೆ ಅದೇ. ನಮ್ಮ ಮಂಗಳೂರಿನಲ್ಲಿ 1843ರಲ್ಲಿ ಬಾಸೆಲ್ ಮಿಷನ್ ‘ಮಂಗಳೂರ ಸಮಾಚಾರ’ವನ್ನು ಆರಂಭಿಸಿದ ಹದಿನಾರು ವರ್ಷಗಳ ನಂತರದ ಮಾತಿದು. ಯೊರುಬಾ ಬೈಬಲ್ ಅನುವಾದದ ಮುಂದಾಳು ಸ್ಯಾಮ್ಯುಯೆಲ್ ಅಜಾಯಿ ಕ್ರೌಥರ್ ಅವರನ್ನು 1821ರಲ್ಲಿ, ಇನ್ನೂ ಬಾಲಕನಾಗಿದ್ದಾಗ, ಗುಲಾಮರ ವ್ಯಾಪಾರಕ್ಕಾಗಿ ಸೆರೆಹಿಡಿಯಲಾಗಿತ್ತು. ಇಪ್ಪತ್ತೈದು ವರ್ಷಗಳ ನಂತರ, 1846ರಲ್ಲಿ, ಅವರು ತಮ್ಮ ತಾಯಿಯನ್ನು ಮತ್ತೆ ಕಂಡದ್ದು ಅಬೆಯೋಕುಟದಲ್ಲಿ. ಸಾಹಿತ್ಯಕ್ಕಾಗಿ 1986ರ ನೊಬೆಲ್ ಪ್ರಶಸ್ತಿ ಪಡೆದ ವೋಲೆ ಶೋಯಿಂಕಾ 1934ರಲ್ಲಿ ಹುಟ್ಟಿದ್ದೂ ಇದೇ ಊರಿನಲ್ಲಿ. ಲಾಂಟೊರೊ ಎಂಬ ಬಡಾವಣೆಯಲ್ಲಿ ಕಥೋಲಿಕ ಗುರುಗಳು 1895ರಲ್ಲಿ ಸ್ಥಾಪಿಸಿದ ಪವಿತ್ರ ಹೃದಯ ಆಸ್ಪತ್ರೆ ಇಲ್ಲಿದೆ. ಇಷ್ಟು ತಿಳಿದವರಿಗೆ ಆ ಊರಿನವರೊಡನೆ ಮಾತಿಗೆ ವಿಷಯದ ಕೊರತೆ ಬಾರದು. ನೀಲಿ ಬಣ್ಣದಲ್ಲಿ ಅದ್ದಿ ತೆಗೆಯುವ ಅವರ ‘ಅಡಿರೆ’ ಬಟ್ಟೆಯ ಬಗ್ಗೆ ಕೇಳಿದರೂ ಸಾಕು, ಮಾತು ತಾನಾಗಿ ಹರಿಯುತ್ತದೆ.

ನಮಸ್ಕಾರವಿಲ್ಲದೆ ಮಾತಿಲ್ಲ

ಚಾಟ್ ಮಾಡುವಾಗ ನಾವು ಸಾಮಾನ್ಯವಾಗಿ ‘ಹಾಯ್’ ಎಂದು ಬರೆದು ನೇರವಾಗಿ ವಿಷಯಕ್ಕೆ ಹೋಗುತ್ತೇವೆ. ಯೊರುಬಾ ಹಿರಿಯರಿಗೆ ಇದು ಒರಟುತನ. ಅವರಲ್ಲಿ ನಮಸ್ಕಾರವೇ ಮಾತಿನ ಬಾಗಿಲು. ಬೆಳಿಗ್ಗೆ ‘ಎ ಕಾರೊ’, ಮಧ್ಯಾಹ್ನ ‘ಎ ಕಾಸಾನ್’, ರಾತ್ರಿ ‘ಎ ಕಾಲೆ’. ಇಷ್ಟಕ್ಕೇ ಮುಗಿಯುವುದಿಲ್ಲ. ಕೆಲಸದಲ್ಲಿರುವವರಿಗೆ ‘ಎ ಕು ಇಶೆ’, ಹೊರಗಿನಿಂದ ಬಂದವರಿಗೆ ‘ಎ ಕಾಬೊ’, ಮನೆಯಲ್ಲಿ ಉಳಿದಿದ್ದವರಿಗೆ ‘ಎ ಕು ಇಲೆ’. ಮಳೆ ಬಂದರೆ, ಯಾರಾದರೂ ತೀರಿಕೊಂಡರೆ, ಮಗು ಹುಟ್ಟಿದರೆ ಬೇರೆ ಬೇರೆ ನಮಸ್ಕಾರಗಳಿವೆ. ಎದುರಿಗಿರುವವರು ಈಗ ಯಾವ ಸ್ಥಿತಿಯಲ್ಲಿದ್ದಾರೆ ಎಂಬುದನ್ನು ಗಮನಿಸಿದ ಮೇಲೆಯೇ ಇಂಥ ನಮಸ್ಕಾರ ಹೇಳಲು ಸಾಧ್ಯ. ಕಿರಿಯರೇ ಮೊದಲು ವಂದಿಸಬೇಕು ಎಂಬುದು ಅಲ್ಲಿಯ ರೂಢಿ. ಎದುರೆದುರು ಇದ್ದಾಗ ಹೆಣ್ಣುಮಕ್ಕಳು ಹಿರಿಯರಿಗೆ ಮಂಡಿಯೂರುತ್ತಾರೆ, ಗಂಡುಮಕ್ಕಳು ಅಡ್ಡಬೀಳುತ್ತಾರೆ. ಪರದೆಯ ಮೇಲೆ ಅದು ಸಾಧ್ಯವಿಲ್ಲವಾದ್ದರಿಂದ ಆ ಗೌರವದ ಭಾರವನ್ನೆಲ್ಲ ಮಾತೇ ಹೊರಬೇಕಾಗುತ್ತದೆ.

ಹೊತ್ತನ್ನು ನೋಡಿ ವಂದಿಸುವುದೂ ಮುಖ್ಯ. ನೈಜೀರಿಯದ ಗಡಿಯಾರ ನಮ್ಮದಕ್ಕಿಂತ ನಾಲ್ಕೂವರೆ ಗಂಟೆ ಹಿಂದಿದೆ. ನಾವು ಬೆಳಗಿನ ಒಂಬತ್ತಕ್ಕೆ ಕಳಿಸಿದ ಸಂದೇಶ ಅವರಿಗೆ ನಸುಕಿನ ನಾಲ್ಕೂವರೆಗೆ ತಲುಪುತ್ತದೆ.

ನೀನು, ನೀವು, ಅಣ್ಣ, ಅಕ್ಕ

ಕನ್ನಡಿಗರಾದ ನಮಗೆ ಇಲ್ಲಿ ಒಂದು ಅನುಕೂಲವಿದೆ. ಇಂಗ್ಲಿಷಿನಲ್ಲಿ ಇಲ್ಲದ ‘ನೀನು’, ‘ನೀವು’ ಎಂಬ ಭೇದ ಯೊರುಬಾದಲ್ಲಿದೆ. ‘ಒ’ ಎಂದರೆ ನೀನು, ‘ಎ’ ಎಂದರೆ ನೀವು. ಮೇಲಿನ ನಮಸ್ಕಾರಗಳ ಮೊದಲಿಗೆ ಬರುವ ‘ಎ’ ಇದೇ. ಒಡಹುಟ್ಟಿದವರನ್ನು ನಾವು ವಯಸ್ಸು ಮತ್ತು ಲಿಂಗ ಎರಡನ್ನೂ ನೋಡಿ ಅಣ್ಣ, ಅಕ್ಕ, ತಮ್ಮ, ತಂಗಿ ಎನ್ನುತ್ತೇವೆ. ಅವರು ವಯಸ್ಸನ್ನಷ್ಟೇ ನೋಡುತ್ತಾರೆ. ಹಿರಿಯರಾದರೆ ‘ಎಗ್ಬೊನ್’, ಕಿರಿಯರಾದರೆ ‘ಅಬುರೊ’. ಹಿರಿಯರನ್ನು ಬರೀ ಹೆಸರಿನಿಂದ ಕರೆಯುವುದು ಸಲ್ಲದು. ನಮ್ಮಂತೆಯೇ ಅವರೂ ನೆಂಟರಲ್ಲದವರನ್ನು ‘ಅಂಕಲ್’, ‘ಆಂಟಿ’ ಎನ್ನುತ್ತಾರೆ. ಸಂದೇಹವಿದ್ದರೆ, “ನಿಮ್ಮನ್ನು ಏನೆಂದು ಕರೆಯಲಿ?” ಎಂದು ಕೇಳಿಬಿಡುವುದು ಲೇಸು.

ಇಂಗ್ಲಿಷ್ ಅದೇ, ಅರ್ಥ ಬೇರೆ

ಮಾತು ಹೆಚ್ಚಾಗಿ ಇಂಗ್ಲಿಷಿನಲ್ಲಿ ನಡೆಯುತ್ತದೆ ನಿಜ, ಆದರೆ ಅದು ಅವರ ಊರಿನ ಇಂಗ್ಲಿಷ್. ‘ಹೌ ಫಾರ್’ ಎಂದರೆ ಎಷ್ಟು ದೂರ ಎಂದಲ್ಲ, ಏನು ಸಮಾಚಾರ ಎಂದು. ‘ವೆಲ್ ಡನ್’ ಎಂಬುದು ಮೆಚ್ಚುಗೆಯಷ್ಟೇ ಅಲ್ಲ, ದುಡಿಯುತ್ತಿರುವವರಿಗೆ ನಮಸ್ಕಾರ. ನಮಗೆ ನೆಗಡಿಯಾಗಿದೆ ಎಂದರೆ ಅವರು ‘ಸಾರಿ’ ಎನ್ನುತ್ತಾರೆ. ತಪ್ಪು ಮಾಡಿದ್ದಕ್ಕಲ್ಲ, ಕನಿಕರಕ್ಕೆ. ‘ಐ ಆಮ್ ಕಮಿಂಗ್’ ಎಂದು ಬರೆದು ಕಾಣೆಯಾದರೆ ಗಾಬರಿ ಬೇಡ. ನಾವು ಹೊರಡುವಾಗ ‘ಬರ್ತೀನಿ’ ಎನ್ನುವುದಿಲ್ಲವೇ, ಅದೂ ಹಾಗೆಯೇ. ಉತ್ತರ ತಡವಾದರೆ ಅಸಡ್ಡೆ ಎಂದೂ ತಿಳಿಯಬಾರದು. ಕರೆಂಟು ಹೋಗುವುದು ಅಲ್ಲಿ ದಿನನಿತ್ಯದ ಮಾತು. ವಿದ್ಯುತ್ ಮಂಡಳಿಯ ಹಳೆಯ ಹೆಸರು ‘ನೇಪಾ’. ಆ ಹೆಸರು 2005ರಲ್ಲಿಯೇ ಹೋಯಿತು; ಆದರೂ ಕರೆಂಟು ಬಂದೊಡನೆ ‘ಅಪ್ ನೇಪಾ!’ ಎಂದು ಕೂಗುವುದು ಉಳಿದುಕೊಂಡಿದೆ.

ಇನ್ನೊಂದು ಸೂಕ್ಷ್ಮ. ಯೊರುಬಾ ಭಾಷೆಯಲ್ಲಿ ಸ್ವರದ ಏರಿಳಿತ ಬದಲಾದರೆ ಅರ್ಥವೇ ಬದಲಾಗುತ್ತದೆ. ‘ಒಕೊ’ ಎಂಬ ಒಂದೇ ಪದ ಉಚ್ಚಾರಣೆಗೆ ತಕ್ಕಂತೆ ಗಂಡ, ಗುದ್ದಲಿ, ವಾಹನ, ಈಟಿ ಆಗಬಲ್ಲದು. ಚಾಟ್‌ನಲ್ಲಿ ಸ್ವರದ ಗುರುತುಗಳನ್ನು ಹಾಕದೆ ಬರೆಯುವವರೇ ಹೆಚ್ಚು. ಆದ್ದರಿಂದ ನಾಲ್ಕು ಪದ ಕಲಿಯಬೇಕೆಂದಿದ್ದರೆ ಧ್ವನಿ ಸಂದೇಶ ಕಳಿಸಲು ಕೇಳಿಕೊಳ್ಳುವುದು ಒಳ್ಳೆಯದು. ಧರ್ಮದ ವಿಚಾರದಲ್ಲೂ ಊಹೆ ಬೇಡ. ಒಂದೇ ಯೊರುಬಾ ಕುಟುಂಬದಲ್ಲಿ ಕ್ರೈಸ್ತರೂ ಮುಸ್ಲಿಮರೂ ಇರುವುದು ಅಲ್ಲಿ ಸಾಮಾನ್ಯ.

ಎಚ್ಚರವೂ ಬೇಕು, ನ್ಯಾಯವೂ ಬೇಕು

ಈಗ ಆ ಸಂಶಯದ ಮಾತಿಗೆ ಬರೋಣ. ಅಂತರ್ಜಾಲದ ವಂಚನೆ ನೈಜೀರಿಯದಲ್ಲಿ ನಡೆದಿಲ್ಲ ಎಂದು ಯಾರೂ ಹೇಳಲಾರರು. ‘419’ ಎಂಬ ಅಡ್ಡಹೆಸರು ಬಂದದ್ದು ಆ ದೇಶದ ದಂಡ ಸಂಹಿತೆಯ ವಂಚನೆಯ ಕಲಮಿನಿಂದ. ಅಂಥ ವಂಚಕರನ್ನು ಅಲ್ಲಿಯ ಜನರೇ ‘ಯಾಹೂ ಬಾಯ್ಸ್’ ಎನ್ನುತ್ತಾರೆ. ಅಂದರೆ ಅವರ ಕೆಲಸಕ್ಕೆ ಕಾನೂನೂ ಇದೆ, ಅವರನ್ನು ಗುರುತಿಸುವ ಹೆಸರೂ ಇದೆ. ಆ ಕೆಲವರ ಹೆಸರಿನ ಭಾರವನ್ನು ಹೊರುತ್ತಿರುವವರು ಮಾತ್ರ ಶಿಕ್ಷಕಿಯರು, ಬಟ್ಟೆ ವ್ಯಾಪಾರಿಗಳು, ವಿದ್ಯಾರ್ಥಿಗಳು. ಊರಿನ ಹೆಸರು ಹೇಳಿದೊಡನೆ ‘ನಾನು ಕಳ್ಳನಲ್ಲ’ ಎಂದು ಸಾಬೀತು ಮಾಡಬೇಕಾದ ಗತಿ ಅವರದು. ಇದು ನಮ್ಮ ಮಕ್ಕಳಿಗೆ ಬಂದಿದ್ದರೆ ನಮಗೆ ಹೇಗಾಗುತ್ತಿತ್ತು?

ಆದ್ದರಿಂದ ಎಚ್ಚರಿಕೆಯು ದೇಶ ನೋಡಿ ಬರಬಾರದು. ಅದು ಎಲ್ಲರೊಡನೆಯೂ ಒಂದೇ ಆಗಿರಲಿ. ಮುಖ ಕಾಣದವರಿಗೆ, ಅವರು ಲಾಗೋಸ್‌ನವರಾಗಲಿ ಲಂಡನ್ನಿನವರಾಗಲಿ ನಮ್ಮ ಪಕ್ಕದ ಜಿಲ್ಲೆಯವರಾಗಲಿ, ಹಣ ಕಳಿಸಬಾರದು. ಬ್ಯಾಂಕಿನ ಓಟಿಪಿ, ಆಧಾರ್ ಸಂಖ್ಯೆ, ಮನೆಯ ವಿಳಾಸ, ಮಕ್ಕಳ ಭಾವಚಿತ್ರ ಕೊಡಬಾರದು. ಬೇಗ ಬೇಗ ಪ್ರೀತಿ ತೋರಿ, ಕಷ್ಟ ಹೇಳಿ, ಗುಟ್ಟಾಗಿಡು ಎನ್ನುವವರಿಂದ ದೂರವಿರಬೇಕು. ಮಕ್ಕಳು ಯಾರೊಡನೆ ಮಾತನಾಡುತ್ತಿದ್ದಾರೆ ಎಂಬುದು ಮನೆಯ ಹಿರಿಯರಿಗೆ ತಿಳಿದಿರಲಿ. ಹಣ ಹೋಗಿದ್ದರೆ ನಾಚಿಕೆಯಿಂದ ಮುಚ್ಚಿಡದೆ, ಕೂಡಲೇ 1930 ಸಂಖ್ಯೆಗೆ ಕರೆ ಮಾಡಿ ದೂರು ನೀಡಬೇಕು. ಇಷ್ಟು ಬೇಲಿ ಹಾಕಿಕೊಂಡ ಮೇಲೆ ಉಳಿದ ಮಾತನ್ನು ಮನಸ್ಸು ಬಿಚ್ಚಿ ಆಡಬಹುದು.

ಹಬ್ಬದ ದಿನ ಆ ಊರಿನ ಪರಿಚಯದವರಿಗೆ ಎರಡು ಸಾಲು ಬರೆಯಬೇಕೆನಿಸಿದರೆ ಒಂದು ನಮಸ್ಕಾರ ನೆನಪಿಟ್ಟುಕೊಳ್ಳೋಣ: ‘ಎ ಕು ಒಡುನ್’. ‘ಒಡುನ್’ ಎಂದರೆ ವರ್ಷ ಎಂದೂ ಹೌದು, ಹಬ್ಬ ಎಂದೂ ಹೌದು. ಕ್ರಿಸ್ಮಸ್ ಬಂದರೂ, ಪಾಸ್ಖ ಬಂದರೂ, ಈದ್ ಬಂದರೂ ಅಲ್ಲಿಯವರು ಒಬ್ಬರಿಗೊಬ್ಬರು ಹೇಳುವುದು ಇದನ್ನೇ. ಅದನ್ನು ಮೊದಲು ಬರೆಯೋಣ, ವಿಷಯ ಆಮೇಲೆ ಬರಲಿ.