ಲೈಸೆನ್ಸ್ ಕೊಡುತ್ತಿದ್ದ ಮನೆ ಸ್ಮಾರಕವಾದ ಬಗೆ

ಸರ್ಕಾರಿ ನೌಕರಿಗೆ ಅರ್ಜಿ ತುಂಬಿದ ಎಲ್ಲರಿಗೂ ಆ ಕಾಲಂ ಗೊತ್ತು. ಹೆಸರು, ಜಾತಿ, ಗ್ರಾಮೀಣ, ಕನ್ನಡ ಮಾಧ್ಯಮ ಎಲ್ಲ ಮುಗಿದ ಮೇಲೆ ‘ಮಾಜಿ ಸೈನಿಕರೇ?’ ಎಂದು ಕೇಳುತ್ತದೆ. ‘ಇಲ್ಲ’ ಎಂದು ಒತ್ತಿ ಮುಂದಕ್ಕೆ ಹೋಗುತ್ತೇವೆ. ಮೂರು ವರ್ಷದಿಂದ ವಿಜಯನಗರದ ಕೋಚಿಂಗ್ ಸೆಂಟರು, ಲೈಬ್ರರಿಗಳ ನಡುವೆ ಓಡಾಡಿಕೊಂಡಿರುವ ನಾನು ಹಾಗೆ ಎಷ್ಟು ಸಲ ಒತ್ತಿದ್ದೇನೋ ಲೆಕ್ಕವಿಲ್ಲ. ಸೈನಿಕರ ಬಗ್ಗೆ ನಮಗೆ ಗೊತ್ತಿರುವುದೆಲ್ಲ ಒಂದೊಂದು ಅಂಕದ ಉತ್ತರ. ಸೇನಾ ದಿನ ಯಾವಾಗ? ಜನವರಿ 15. ಏಕೆ? 1949ರ ಆ ದಿನ ಕೆ.ಎಂ. ಕಾರ್ಯಪ್ಪ ನಮ್ಮ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದರು. ಅಷ್ಟೇ, ಮುಂದಿನ ಪ್ರಶ್ನೆ.

ಬಸವೇಶ್ವರನಗರದಲ್ಲಿ ನಾನಿರುವ ಪಿ.ಜಿ. ಎದುರಿನ ಅಪಾರ್ಟ್‌ಮೆಂಟ್‌ನಲ್ಲಿ ಒಬ್ಬರು ಸೆಕ್ಯುರಿಟಿ ಕೆಲಸದಲ್ಲಿದ್ದಾರೆ. ಸೋಮವಾರಪೇಟೆ ಕಡೆಯವರು, ಹದಿನೇಳು ವರ್ಷ ಸೇನೆಯಲ್ಲಿದ್ದವರು. ಬೆಳಿಗ್ಗೆ ಪೇಪರ್ ಓದಲು ಅವರ ಕುರ್ಚಿಯ ಪಕ್ಕ ನಿಲ್ಲುವುದು ನನ್ನ ರೂಢಿ. ಒಂದು ದಿನ ನನ್ನ ಕೈಯಲ್ಲಿದ್ದ ನೋಟ್ಸ್‌ನಲ್ಲಿ ಜನರಲ್ ತಿಮ್ಮಯ್ಯ ಅವರ ಹೆಸರು ಕಂಡು, ಇದನ್ನು ಬಾಯಿಪಾಠ ಮಾಡುವ ಬದಲು ಒಂದು ಸಲ ಮಡಿಕೇರಿಗೆ ಹೋಗಿ ನೋಡಿಕೊಂಡು ಬಾ ಎಂದರು. ಪರೀಕ್ಷೆ ಮುಂದಕ್ಕೆ ಹೋಗಿತ್ತು. ಕೈಯಲ್ಲಿ ಎರಡು ದಿನ ಇತ್ತು. ಮೈಸೂರು ರಸ್ತೆಯ ಸ್ಯಾಟಲೈಟ್ ನಿಲ್ದಾಣದಲ್ಲಿ ಬಸ್ಸು ಹತ್ತಿದೆ.

ಮಡಿಕೇರಿಯಲ್ಲಿರುವ ‘ಸನ್ನಿ ಸೈಡ್’ ಜನರಲ್ ಕೊಡಂದೇರ ತಿಮ್ಮಯ್ಯ ಅವರ ಮನೆ. 1906ರ ಮಾರ್ಚ್ 31ರಂದು ಹುಟ್ಟಿದ ಅವರು ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲೂ ಓದಿದ್ದರು. ನಂತರ ಡೆಹ್ರಾಡೂನ್, ಅಲ್ಲಿಂದ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್. 1948ರ ನವೆಂಬರ್ 1ರಂದು ಸುಮಾರು 11,500 ಅಡಿ ಎತ್ತರದ ಜೋಜಿ ಲಾ ಕಣಿವೆಮಾರ್ಗಕ್ಕೆ ಟ್ಯಾಂಕುಗಳನ್ನು ಹತ್ತಿಸಿ ಎದುರಾಳಿಗಳನ್ನು ದಂಗುಬಡಿಸಿದವರು ಇವರೇ. ಅಷ್ಟು ಎತ್ತರದಲ್ಲಿ ಟ್ಯಾಂಕು ಬರಬಹುದು ಎಂದು ಯಾರೂ ಎಣಿಸಿರಲಿಲ್ಲ. ಲಡಾಖ್‌ನ ದಾರಿ ಮತ್ತೆ ತೆರೆದುಕೊಂಡದ್ದು ಆ ಕಾರ್ಯಾಚರಣೆಯಿಂದ. ಕೊರಿಯಾ ಯುದ್ಧ ನಿಂತ ಮೇಲೆ ಯುದ್ಧಕೈದಿಗಳ ವಾಪಸಾತಿ ನೋಡಿಕೊಂಡ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರಾದರು. 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದರು. ನಿವೃತ್ತಿಯ ನಂತರವೂ ಸುಮ್ಮನೆ ಕೂರದೆ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯನ್ನು ಮುನ್ನಡೆಸಿದರು. 1965ರ ಡಿಸೆಂಬರ್ 18ರಂದು ಅಲ್ಲೇ ತೀರಿಕೊಂಡರು. ಬೆಂಗಳೂರಿನ ರಿಚ್‌ಮಂಡ್ ರಸ್ತೆಗೆ ಅಧಿಕೃತವಾಗಿ ಇವರದೇ ಹೆಸರು. ಆದರೆ ಆಟೊದವರಿಗೆ ‘ಜನರಲ್ ತಿಮ್ಮಯ್ಯ ರಸ್ತೆಗೆ ಹೋಗಿ’ ಎಂದು ಹೇಳಿ ನೋಡಿ!

ಇಂಥವರು ಬೆಳೆದ ಮನೆ ಏನಾಗಿತ್ತು ಗೊತ್ತೇ? ಆರ್‌ಟಿಒ ಕಚೇರಿ. ಡ್ರೈವಿಂಗ್ ಲೈಸೆನ್ಸ್‌ಗೆ ಬಂದವರು ಸಾಲಾಗಿ ನಿಲ್ಲುತ್ತಿದ್ದ ಜಾಗ. ಅದರಲ್ಲಿ ತಪ್ಪೇನೂ ಇಲ್ಲ, ಕಚೇರಿಗೂ ಒಂದು ಕಟ್ಟಡ ಬೇಕಲ್ಲ. ಆದರೆ ಹಾಗೇ ಬಿಟ್ಟಿದ್ದರೆ ಇನ್ನೊಂದು ತಲೆಮಾರಿಗೆ ಆ ಮನೆ ಯಾರದೆಂದು ಹೇಳುವವರೂ ಇರುತ್ತಿರಲಿಲ್ಲ.

ಹಾಗೆ ಬಿಡದವರು ಕೊಡಗಿನ ನಿವೃತ್ತ ಸೈನಿಕರು. ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಮತ್ತು ಜನರಲ್ ತಿಮ್ಮಯ್ಯ ಫೋರಂ ಎಂಬ ಸಂಘಟನೆಯಲ್ಲಿ ಕರ್ನಲ್ ಕೆ.ಸಿ. ಸುಬ್ಬಯ್ಯ ಅವರಂಥ ನಿವೃತ್ತ ಅಧಿಕಾರಿಗಳು ಸೇರಿ, ಮನೆಯನ್ನು ಮ್ಯೂಸಿಯಂ ಮಾಡಿ, ಆವರಣದಲ್ಲಿ ಯುದ್ಧಸ್ಮಾರಕ ಕಟ್ಟಿ ಎಂದು ಸರ್ಕಾರದ ಬೆನ್ನು ಹತ್ತಿದರು. ಅವರ ಕೈಯಲ್ಲಿ ಅಧಿಕಾರವಿರಲಿಲ್ಲ. ಒಂದು ಕಾಲಕ್ಕೆ ಅವರು ಆದೇಶ ಕೊಟ್ಟರೆ ನೂರಾರು ಜನ ಹೆಜ್ಜೆ ಹಾಕುತ್ತಿದ್ದರು. ಈಗ ಅವರೇ ಮನವಿ ಬರೆಯಬೇಕು, ಅಧಿಕಾರಿಗಳಿಗಾಗಿ ಕಾಯಬೇಕು. ಕಚೇರಿ ತೆರವಾಗಬೇಕು, ಹಣ ಮಂಜೂರಾಗಬೇಕು, ಹಳೆಯ ಕಟ್ಟಡ ಕೆಡದಂತೆ ದುರಸ್ತಿಯಾಗಬೇಕು. ಟ್ಯಾಂಕು, ವಿಮಾನಗಳನ್ನು ಅಂಗಡಿಯಲ್ಲಿ ಕೊಳ್ಳಲಾಗದು, ಅವು ರಕ್ಷಣಾ ಪಡೆಗಳಿಂದಲೇ ಬರಬೇಕು. ಸರ್ಕಾರಗಳು ಬದಲಾದವು, ವರ್ಷಗಳು ಉರುಳಿದವು. ಕೊನೆಗೂ 2021ರ ಫೆಬ್ರುವರಿ 6ರಂದು ಆಗಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಬಂದು ಮ್ಯೂಸಿಯಂ ಉದ್ಘಾಟಿಸಿದರು.

ಫಲಿತಾಂಶಕ್ಕೆ, ಆಯ್ಕೆಪಟ್ಟಿಗೆ, ತಡೆಯಾಜ್ಞೆ ತೆರವಿಗೆ ಕಾಯುವ ನಮಗೆ ಈ ಕಾಯುವಿಕೆ ಹೊಸದಲ್ಲ. ಆದರೆ ನಾವು ನಮಗಾಗಿ ಕಾಯುತ್ತೇವೆ. ಅವರು ಕಾದದ್ದು ಬೇರೆಯವರ ಹೆಸರು ಉಳಿಯಲಿ ಎಂದು. ಅಲ್ಲಿ ನಿಂತಾಗ ನನಗೆ ನಾಟಿದ್ದು ಇದೇ.

ಆವರಣದೊಳಗೆ ಕಾಲಿಟ್ಟರೆ ಟಿ-55 ಟ್ಯಾಂಕು, ಮಿಗ್-21 ವಿಮಾನ. ಮಕ್ಕಳೆಲ್ಲ ಮೊದಲು ಓಡುವುದು ಅತ್ತಲೇ. ಒಳಗಿನ ಕೋಣೆಗಳಲ್ಲಿ ತಿಮ್ಮಯ್ಯ ಅವರ ಬಾಲ್ಯದಿಂದ ಸೈಪ್ರಸ್‌ವರೆಗಿನ ಬದುಕು ಚಿತ್ರಗಳಲ್ಲಿ, ಸಮವಸ್ತ್ರಗಳಲ್ಲಿ ತೆರೆದುಕೊಳ್ಳುತ್ತದೆ. ಹೊರಗೆ ಯುದ್ಧಸ್ಮಾರಕ. ಅದರ ಮುಂದೆ ಮೊಮ್ಮಗನ ಕೈ ಹಿಡಿದು ಒಬ್ಬ ಹಿರಿಯರು ನಿಂತಿದ್ದರು. ಟ್ಯಾಂಕು ಓಡಿಸಿದ್ದೀರಾ ತಾತ ಎಂದು ಹುಡುಗ ಕೇಳುತ್ತಿದ್ದ. ಇಲ್ಲ, ತಾನು ರೆಜಿಮೆಂಟಿನಲ್ಲಿ ಅಡುಗೆಯವನಾಗಿದ್ದೆ ಎಂದು ಅವರು ಸಹಜವಾಗಿ ಹೇಳಿದರು. ಹುಡುಗನಿಗೆ ಸ್ವಲ್ಪ ನಿರಾಸೆಯಾಯಿತೇನೋ. ಆಮೇಲೆ ಅವರು ಹಿಮದಲ್ಲಿ ಒಲೆ ಹೊತ್ತಿಸುವುದು ಹೇಗೆ, ಎತ್ತರದ ಜಾಗದಲ್ಲಿ ಬೇಳೆ ಬೇಯಲು ಎಷ್ಟು ಹೊತ್ತು ಬೇಕು ಎಂದು ವಿವರಿಸತೊಡಗಿದರು. ಹುಡುಗ ಟ್ಯಾಂಕು ಮರೆತು ಕೇಳುತ್ತಾ ನಿಂತ. ನಾನೂ ನಿಂತೆ. ಇಂಥ ಮಾತು ಮನೆಯಲ್ಲಿ ಟಿ.ವಿ. ಮುಂದೆ ಕೂತಾಗ ಬರುವುದಿಲ್ಲ. ಅದಕ್ಕೊಂದು ಜಾಗ ಬೇಕು. ಆ ಜಾಗವನ್ನೇ ಈ ನಿವೃತ್ತರು ಮಾಡಿಕೊಟ್ಟಿದ್ದಾರೆ.

ಬೆಂಗಳೂರಿಗೆ ಮರಳಿದ ಮೇಲೆ ನಮ್ಮೂರಿನ ಸ್ಮಾರಕಗಳನ್ನೂ ಹುಡುಕಿಕೊಂಡು ಹೋದೆ. ನೆಹರೂ ತಾರಾಲಯದ ಎದುರಿಗಿರುವ ರಾಷ್ಟ್ರೀಯ ಸೈನಿಕ ಸ್ಮಾರಕದಲ್ಲಿ ಸ್ವಾತಂತ್ರ್ಯಾನಂತರ ಮಡಿದ ಸಾವಿರಾರು ಯೋಧರ ಹೆಸರುಗಳನ್ನು ಕಲ್ಲಿನಲ್ಲಿ ಕೆತ್ತಿದ್ದಾರೆ. ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕವಿದೆ. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದ ಕುದುರೆ ಸವಾರರ ಪೈಕಿ ನಮ್ಮ ಮೈಸೂರಿನವರೂ ಇದ್ದರು.

ಅಷ್ಟೇಕೆ, ಬೆಂಗಳೂರು ಎಂಬ ಹೆಸರು ಮೊದಲು ಕಾಣಿಸುವುದೇ ಒಂದು ವೀರಗಲ್ಲಿನಲ್ಲಿ. ಬೇಗೂರಿನ ನಾಗೇಶ್ವರ ದೇವಾಲಯದಲ್ಲಿರುವ, ಕ್ರಿ.ಶ. 890ರ ಸುಮಾರಿನ ಆ ಶಾಸನ ಬೆಂಗಳೂರಿನ ಕಾಳಗದಲ್ಲಿ ಸತ್ತವನ ನೆನಪಿಗೆ ನಿಲ್ಲಿಸಿದ್ದು. ಹೆಬ್ಬಾಳದಲ್ಲಿ ಇನ್ನೂ ಹಳೆಯದು, ಸುಮಾರು 750ರ ಕಿತ್ತಯ್ಯನ ವೀರಗಲ್ಲು ಸಿಕ್ಕಿದೆ. ಊರಿಗಾಗಿ ಹೋರಾಡಿ ಮಡಿದವನು ಅವನು. ಅದು ಎಲ್ಲೋ ಮಣ್ಣುಪಾಲಾಗುವ ಮುನ್ನ ಇತಿಹಾಸಾಸಕ್ತರೂ ಸ್ಥಳೀಯರೂ ಸೇರಿ ರಕ್ಷಿಸಿ, ಅದಕ್ಕೊಂದು ಮಂಟಪ ಕಟ್ಟಿಸಿದರು. ಕೊಡಗಿನ ಮಾಜಿ ಸೈನಿಕರು ಮಾಡಿದ್ದೂ, ಹೆಬ್ಬಾಳದವರು ಮಾಡಿದ್ದೂ ಒಂದೇ ಜಾತಿಯ ಕೆಲಸ. ಸತ್ತವರ ಹೆಸರು ಉಳಿಸುವುದು ರಾಜನ ಕೆಲಸವಷ್ಟೇ ಅಲ್ಲ, ಊರಿನವರದೂ ಹೌದು ಎಂಬುದು ಈ ನಾಡಿಗೆ ಸಾವಿರ ವರ್ಷದಿಂದ ಗೊತ್ತಿದೆ.

ಇದು ವಯಸ್ಸಾದವರ ವಿಷಯ ಎಂದು ಪುಟ ತಿರುಗಿಸುವ ಮುನ್ನ ಇನ್ನೊಂದು ಮಾತು. 2022ರ ಜೂನ್‌ನಲ್ಲಿ ಪ್ರಕಟವಾದ ಅಗ್ನಿಪಥ ಯೋಜನೆಯಲ್ಲಿ ಸೇವೆ ನಾಲ್ಕು ವರ್ಷ. ಆಮೇಲೆ ಕಾಯಂ ಆಗುವವರು ಗರಿಷ್ಠ ಶೇ 25. ಹದಿನೆಂಟಕ್ಕೆ ಸೇರಿದ ನಮ್ಮ ಗೆಳೆಯ ಇಪ್ಪತ್ತೆರಡಕ್ಕೆ ಸಮವಸ್ತ್ರ ಬಿಚ್ಚಿಟ್ಟು ಬರುತ್ತಾನೆ. ಬಂದವನು ಇದೇ ವಿಜಯನಗರದ ಲೈಬ್ರರಿಯಲ್ಲಿ ನಮ್ಮ ಪಕ್ಕದ ಕುರ್ಚಿಯಲ್ಲಿ ಕೂತು ಇದೇ ನೋಟ್ಸ್ ತಿರುವಿ ಹಾಕಬಹುದು. ಸೇನೆಯಿಂದ ಬಂದವರೆಂದರೆ ಇನ್ನು ನರೆತ ಮೀಸೆಯ ಅಜ್ಜ ಮಾತ್ರವಲ್ಲ. ಅವನ ಅನುಭವವನ್ನು ಕೇಳಿಸಿಕೊಳ್ಳಲು ನಮ್ಮ ಓಣಿಗಳಲ್ಲಿ, ಕಾಲೇಜುಗಳಲ್ಲಿ ಜಾಗ ಇದೆಯೇ?

ರಾಜಾಜಿನಗರದಲ್ಲೋ ಕೆಂಗೇರಿಯಲ್ಲೋ ನಾಳೆಯೇ ಒಂದು ಯುದ್ಧವಿಮಾನ ತಂದು ನಿಲ್ಲಿಸೋಣ ಎಂದು ನಾನು ಹೇಳುತ್ತಿಲ್ಲ. ಅದಕ್ಕೆ ಕೊಡಗಿನ ಹಿರಿಯರಷ್ಟು ತಾಳ್ಮೆ ಬೇಕು. ನಮ್ಮಿಂದ ಆಗುವುದು ಚಿಕ್ಕದಿದೆ. ಪ್ರತಿ ಬಡಾವಣೆಯಲ್ಲೂ ನಾಲ್ಕಾರು ನಿವೃತ್ತ ಸೈನಿಕರು ಇದ್ದೇ ಇರುತ್ತಾರೆ, ಬ್ಯಾಂಕಿನ ಬಾಗಿಲಲ್ಲಿ, ಅಪಾರ್ಟ್‌ಮೆಂಟಿನ ಗೇಟಿನಲ್ಲಿ, ಬೆಳಗಿನ ಪಾರ್ಕಿನಲ್ಲಿ. ಮೊಬೈಲ್ ರೆಕಾರ್ಡರ್ ಒತ್ತಿ ಒಂದು ಗಂಟೆ ಅವರ ಮಾತು ಕೇಳಬಹುದು. ಯಾವ ವರ್ಷ ಸೇರಿದಿರಿ, ಎಲ್ಲೆಲ್ಲಿ ಇದ್ದಿರಿ, ಜೊತೆಗಿದ್ದು ವಾಪಸ್ ಬಾರದವರು ಯಾರು ಎಂದು ವಿಚಾರಿಸಿ, ಆ ಹೆಸರುಗಳನ್ನು ಬರೆದಿಟ್ಟುಕೊಳ್ಳಬಹುದು. ಮಡಿಕೇರಿಯಿಂದ ಬಂದ ಮಾರನೆಯ ದಿನವೇ ನಾನು ಎದುರು ಗೇಟಿನವರೊಂದಿಗೆ ಇದನ್ನು ಶುರು ಮಾಡಿದೆ. ಈಗ ನನ್ನ ಪುಸ್ತಕದಲ್ಲಿ ಹನ್ನೊಂದು ಹೆಸರುಗಳಿವೆ. ಡಿಸೆಂಬರ್ 7ಕ್ಕೆ ಸಶಸ್ತ್ರ ಪಡೆಗಳ ಧ್ವಜ ದಿನ. ಅಂದು ಚೀಟಿ ಅಂಟಿಸಿಕೊಂಡು ಹತ್ತು ರೂಪಾಯಿ ಹಾಕುವುದರ ಜೊತೆಗೆ, ನಿಮ್ಮ ಬೀದಿಯಲ್ಲಿ ಇರುವವರು ಯಾರು ಎಂದು ನೀವೂ ಒಮ್ಮೆ ಕೇಳಿನೋಡಿ.