ನಡಿಗೆಯ ಎರಡನೆಯ ಪಾಠ

1894ರಲ್ಲಿ ಡಾ. ವಿಲಿಯಂ ವಾನ್‌ಲೆಸ್ ಅವರು ತೆರೆದ ಆಸ್ಪತ್ರೆಯಿಂದ ಮಿರಜಿಗೆ ವೈದ್ಯರ ಊರೆಂಬ ಹೆಸರು ಬಂದಿತು. ಗಡಿಯ ಎರಡೂ ಕಡೆಯ ಕನ್ನಡಿಗರು ಚಿಕಿತ್ಸೆಗಾಗಿ ಇಂದಿಗೂ ಈ ಊರಿಗೇ ಬರುತ್ತಾರೆ. ಕುಷ್ಠರೋಗಿಗಳ ಆರೈಕೆಗೆಂದೇ ಇರುವ ರಿಚರ್ಡ್‌ಸನ್ ಆಸ್ಪತ್ರೆಯೂ ಇಲ್ಲಿಯೇ ಇದೆ.

ಮೊಣಕಾಲಿನ ಹೊರಬದಿಯಲ್ಲಿ, ಚರ್ಮಕ್ಕೆ ತೀರ ಸಮೀಪದಲ್ಲಿ ಹಾದುಹೋಗುವ ನರವೊಂದನ್ನು ಕುಷ್ಠರೋಗವು ಕೆಡಿಸಬಲ್ಲದು. ಆಗ ಪಾದವನ್ನು ಮೇಲೆತ್ತುವ ಸ್ನಾಯುಗಳು ಸೋಲುತ್ತವೆ, ಪಾದ ಜೋತುಬೀಳುತ್ತದೆ. ರೋಗಿಯು ಎಡವದಿರಲು ಮೊಣಕಾಲನ್ನು ಎತ್ತರಕ್ಕೆ ಎತ್ತಿ ನಡೆಯುತ್ತಾನೆ. ಯಾರೂ ಹೇಳಿಕೊಡದೆ ದೇಹವೇ ಕಂಡುಕೊಂಡ ಉಪಾಯವಿದು.

ಇದಕ್ಕೊಂದು ಶಸ್ತ್ರಚಿಕಿತ್ಸೆ ಉಂಟು. ಪಾದವನ್ನು ಒಳಕ್ಕೆ ತಿರುಗಿಸುವ ಸ್ನಾಯುವಿನ ತುದಿಯನ್ನು ಬಿಡಿಸಿ, ಪಾದದ ಮುಂಭಾಗಕ್ಕೆ ತಂದು ಜೋಡಿಸುತ್ತಾರೆ. ಕೆಲವು ವಾರಗಳ ಬಳಿಕ ಪ್ಲಾಸ್ಟರ್ ತೆಗೆದಾಗ ಒಂದು ವಿಚಿತ್ರ ಎದುರಾಗುತ್ತದೆ. ಸ್ನಾಯುವಿನ ಜಾಗ ಬದಲಾಗಿದೆ, ಮಿದುಳಿಗೆ ಅದು ತಿಳಿದಿಲ್ಲ. ಆದ್ದರಿಂದ ಭೌತಚಿಕಿತ್ಸಕರು ಮೊದಲು “ಪಾದ ಎತ್ತು” ಎನ್ನುವುದಿಲ್ಲ, “ಪಾದವನ್ನು ಒಳಕ್ಕೆ ತಿರುಗಿಸು” ಎನ್ನುತ್ತಾರೆ. ರೋಗಿಯು ತಿರುಗಿಸಲು ಯತ್ನಿಸಿದಾಗ ಪಾದ ಮೇಲೇಳುತ್ತದೆ! ಕಣ್ಣಾರೆ ನೋಡುತ್ತ ಇದನ್ನೇ ನೂರಾರು ಬಾರಿ ಮಾಡಬೇಕು. ಮೊದಲು ಕುಳಿತು, ಆಮೇಲೆ ಸರಳುಗಳನ್ನು ಹಿಡಿದು ನಿಂತು, ಕೊನೆಗೆ ನಡೆದು.

ಇಲ್ಲಿ ಕನ್ನಡದ ಮನೆಗಳಿಗೆ ಸಂಬಂಧಿಸಿದ ಸಂಗತಿಯೊಂದಿದೆ. ಆಸ್ಪತ್ರೆಯ ಮಾತು ಮರಾಠಿ, ಅಜ್ಜನ ಮಾತು ಕನ್ನಡ. ನಡುವೆ ನಿಲ್ಲುವ ದುಭಾಷಿ ಬಹುಮಟ್ಟಿಗೆ ಶಾಲೆಗೆ ಹೋಗುವ ಮೊಮ್ಮಗ. “ಒಳಕ್ಕೆ ತಿರುಗಿಸು” ಎಂಬುದು ಅರ್ಥವಿಲ್ಲದ್ದೆಂದು ಬಗೆದು, ಅವನು ಅದನ್ನು “ಎತ್ತು” ಎಂದು ತಿದ್ದಿ ಹೇಳಿದರೆ ಮೊದಲ ಪಾಠವೇ ತಪ್ಪುತ್ತದೆ. ಹೇಳಿದ ಪದವನ್ನೇ ಹೇಳಬೇಕು.

ನಡಿಗೆಯು ತನ್ನನ್ನು ತಿದ್ದಿಕೊಳ್ಳುವ ಬಗೆಯನ್ನು ಪ್ರಯೋಗಶಾಲೆಗಳಲ್ಲಿ ಜೋಡಿಪಟ್ಟಿಯ ಯಂತ್ರದ ಮೇಲೆ ನೋಡಿದ್ದಾರೆ. ಒಂದು ಕಾಲಿನ ಕೆಳಗಿನ ಪಟ್ಟಿ ವೇಗವಾಗಿಯೂ ಇನ್ನೊಂದು ನಿಧಾನವಾಗಿಯೂ ಓಡುತ್ತದೆ. ಆರೋಗ್ಯವಂತನೂ ಮೊದಲು ಕುಂಟುತ್ತಾನೆ. ಹತ್ತು ಹದಿನೈದು ನಿಮಿಷಗಳಲ್ಲಿ ಹೆಜ್ಜೆಗಳು ಸಮವಾಗುತ್ತವೆ. ಪಟ್ಟಿಗಳನ್ನು ಒಂದೇ ವೇಗಕ್ಕೆ ತಂದರೆ ಮತ್ತೆ ಕುಂಟು, ಆದರೆ ಈ ಸಲ ವಿರುದ್ಧ ದಿಕ್ಕಿನಲ್ಲಿ. ಕಲಿಕೆ ನಡೆದಿರುವುದಕ್ಕೆ ಅದೇ ಸಾಕ್ಷ್ಯ. ಕಿರುಮಿದುಳಿಗೆ ಪೆಟ್ಟಾದವರಲ್ಲಿ ಈ ಹೊಂದಾಣಿಕೆ ಕುಗ್ಗುತ್ತದೆ. ಪಾರ್ಶ್ವವಾಯುವಿನಿಂದ ಹಿರಿಮಿದುಳಿಗೆ ಹಾನಿಯಾದ ಅನೇಕರಲ್ಲಿ ಅದು ಉಳಿದಿರುತ್ತದೆ. ಅವರ ಮನೆಯವರು ಬೇಗನೆ ಆಸೆ ಬಿಡಬೇಕಾಗಿಲ್ಲ.

2016ರ ಅಂಗವಿಕಲರ ಹಕ್ಕುಗಳ ಅಧಿನಿಯಮವು ಕುಷ್ಠದಿಂದ ಗುಣಹೊಂದಿದವರನ್ನೂ ಒಳಗೊಂಡಿದೆ. ನೆರೆಹೊರೆಯವರ ಮನಸ್ಸು ಕಾನೂನಿನಷ್ಟು ಬೇಗ ತಿದ್ದಿಕೊಂಡಿಲ್ಲ, ಅದು ಬೇರೆ ಮಾತು.

ನಡಿಗೆ ಮರಳಿದರೂ ಅಂಗಾಲಿನ ಸ್ಪರ್ಶಜ್ಞಾನ ಮರಳುವುದಿಲ್ಲ. ಮುಳ್ಳು ಚುಚ್ಚಿದರೂ ಗೊತ್ತಾಗದು. ಹೀಗಾಗಿ ದಿನವೂ ಮಲಗುವ ಮುನ್ನ ದೀಪದ ಬೆಳಕಿನಲ್ಲಿ ಪಾದಗಳನ್ನು ಪರೀಕ್ಷಿಸಬೇಕು. ಅಜ್ಜನ ಕಣ್ಣು ಮಂಜಾಗಿದ್ದರೆ ಆ ಕೆಲಸವೂ ಮೊಮ್ಮಗನದೇ.